ಮನೆಯ ಸಣ್ಣ ಮರಗೆಲಸ ಕೊಠಡಿಯಲ್ಲಿ ಬೆಂಚಿನ ರಚನೆ ಮತ್ತು ಜೋಡಣೆ

ಪೀಠಿಕೆ

ಶಿವಮೊಗ್ಗ ನಗರ ಹಾಗೂ ಭದ್ರಾವತಿಯಲ್ಲಿ ಮನೆಯ ಹಿತ್ತಲನ್ನೋ ಒಂದು ಕೊಠಡಿಯನ್ನೋ ಕಾರ್ಯಾಗಾರವನ್ನಾಗಿ ಮಾಡಿಕೊಂಡು ಮರಗೆಲಸ ನಡೆಸುವವರಿದ್ದಾರೆ. ಗರಗಸ, ಉಳಿಗಳಿಗೆ ಹಣ ವಿನಿಯೋಗಿಸುವವರೂ ಬೆಂಚಿನ ವಿಷಯದಲ್ಲಿ ಉದಾಸೀನರಾಗುವುದುಂಟು. ಕುಕ್ಕರಗಾಲಿನಲ್ಲಿ ಕುಳಿತು, ಮರವನ್ನು ಪಾದದಿಂದ ಅದುಮಿ ಹಿಡಿದಾಗ ಉಳಿ ಜಾರಿದರೆ ಅದರ ಮುಂದಿರುವುದು ಕಾಲೇ ಆಗಿರುತ್ತದೆ. ಮರವನ್ನು ಅಲುಗದಂತೆ ಹಿಡಿದು ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಡುವ ಬೆಂಚು ಸಹ ಒಂದು ಉಪಕರಣವೇ ಆಗಿದೆ.

1. ಎತ್ತರ

ನೇರವಾಗಿ ನಿಂತು ಕೈಗಳನ್ನು ಇಳಿಬಿಟ್ಟಾಗ ನೆಲದಿಂದ ಮಣಿಕಟ್ಟಿನವರೆಗಿನ ಅಳತೆಯೇ ಬೆಂಚಿನ ಎತ್ತರವಾಗಿರತಕ್ಕದ್ದು. ಐದೂವರೆ ಅಡಿ ಎತ್ತರದ ವ್ಯಕ್ತಿಗೆ ಇದು ಸುಮಾರು 32 ಅಂಗುಲವಾಗುತ್ತದೆ. ತಗ್ಗಾದ ಬೆಂಚು ಬೆನ್ನನ್ನು ಬಾಗಿಸುತ್ತದೆ. ಎತ್ತರವಾದ ಬೆಂಚಿನ ಮೇಲೆ ಉಜ್ಜುಗೊರಡಿಗೆ ಮೈಭಾರ ಬೀಳುವುದಿಲ್ಲ. ಸಾಗರ, ಸೊರಬದ ಗುಡಿಗಾರರಂತೆ ನೆಲದ ಮೇಲೆ ಕುಳಿತು ಕೆತ್ತುವ ಪದ್ಧತಿಯುಳ್ಳವರು ಅದನ್ನು ಬಿಡಬೇಕಾಗಿಲ್ಲ. ಆದರೆ ಮರವನ್ನು ಪಾದದ ಬದಲು ತಗ್ಗು ಹಲಗೆಗೆ ಬಿಗಿದ ಕ್ಲಾಂಪು ಹಿಡಿಯುವಂತಿರಬೇಕು.

2. ಅಳತೆ ಮತ್ತು ಮರ

ಸಣ್ಣ ಕೊಠಡಿಗೆ 5 ಅಡಿ ಉದ್ದ, 20 ಅಂಗುಲ ಅಗಲ, ಎರಡೂವರೆ ಅಂಗುಲ ದಪ್ಪದ ಮೇಲುಹಲಗೆ ಸಾಕಾಗುತ್ತದೆ. ಕಾಲುಗಳು 3 ಅಂಗುಲ ಚೌಕವಾಗಿದ್ದು, ಮೇಲೂ ಕೆಳಗೂ ಅಡ್ಡಪಟ್ಟಿಗಳಿಂದ ಬಂಧಿತವಾಗಿರಬೇಕು. ಮೇಲುಹಲಗೆಗೆ ಒಂದೂಮುಕ್ಕಾಲು, ಕಾಲು ಹಾಗೂ ಪಟ್ಟಿಗಳಿಗೆ ಒಂದೂವರೆ, ಹೀಗೆ ಒಟ್ಟು ಮೂರೂಕಾಲು ಘನ ಅಡಿ ಮರ ಬೇಕಾಗುತ್ತದೆ. ಕತ್ತರಿಸುವಾಗಿನ ನಷ್ಟವನ್ನು ಸೇರಿಸಿ ನಾಲ್ಕು ಘನ ಅಡಿಯೆಂದು ಲೆಕ್ಕ ಹಾಕುವುದು ಸೂಕ್ತ. ಬೆಂಚಿಗೆ ತೇಗ ಅನಿವಾರ್ಯವಲ್ಲ. ಭಾರವಾದ, ಚೆನ್ನಾಗಿ ಒಣಗಿದ ಮತ್ತಿ, ಹಲಸು ಅಥವಾ ಅಕೇಶಿಯಾ ಮರ ಆಗಬಹುದು. ಹಳೆಯ ಮನೆ ಕೆಡವಿದಾಗ ದೊರೆಯುವ ತೊಲೆಗಳು ಒಣಗಿರುವುದರಿಂದ ಉತ್ತಮ. ಮೊಳೆಗಳನ್ನು ಮೊದಲೇ ಕೀಳತಕ್ಕದ್ದು. ಮರ ಖರೀದಿಸಿದ ರಸೀದಿಯನ್ನು ತಪ್ಪದೆ ಇಟ್ಟುಕೊಳ್ಳುವುದು.

3. ಮಲೆನಾಡಿನ ತೇವ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮರ ತೇವ ಹೀರಿ ಅಗಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ತೀರ ಕಡಿಮೆ. ಆದ್ದರಿಂದ ಮೇಲುಹಲಗೆಯ ಮುಂಭಾಗವನ್ನು ಮಾತ್ರ ಬಿಗಿಯಾಗಿ ಕೂರಿಸಿ, ಹಿಂಭಾಗದ ಅಡ್ಡಪಟ್ಟಿಯಲ್ಲಿ ಸ್ಕ್ರೂಗಳಿಗೆ ಉದ್ದನೆಯ ತೂತು ಕೊರೆಯಬೇಕು. ಎರಡೂ ಕಡೆ ಬಿಗಿದರೆ ಹಲಗೆ ಸೀಳುವ ಸಂಭವವಿದೆ. ಬೆಂಚು ಹಾಗೂ ಹಸಿ ಗೋಡೆಯ ನಡುವೆ ನಾಲ್ಕು ಬೆರಳು ಅಂತರ ಬಿಡಬೇಕು. ಗೆದ್ದಲು ಮತ್ತು ತೇವ ತಡೆಯಲು ಕಾಲುಗಳ ಕೆಳಗೆ ಕಲ್ಲಿನ ತುಂಡು ಇಡುವುದು.

4. ಹಿಡಿತ

ಬಲಗೈ ಬಳಸುವವರು ವೈಸ್ ಅನ್ನು ಮುಂಬದಿಯ ಎಡತುದಿಯಲ್ಲಿ ಅಳವಡಿಸಬೇಕು. ಕೀಸುವಾಗ ಹಲಗೆ ಮುಂದೆ ಸರಿಯದಂತೆ ಅದೇ ತುದಿಯಲ್ಲಿ ಏರಿಳಿಸಬಹುದಾದ ಮರದ ಗೂಟವಿರಬೇಕು. ಕಬ್ಬಿಣದ ಗೂಟ ಉಜ್ಜುಗೊರಡಿನ ಅಲಗನ್ನು ಕೆಡಿಸುತ್ತದೆ.

5. ಕೊಠಡಿಯಲ್ಲಿ ಜೋಡಣೆ

10 ಅಡಿಗೆ 12 ಅಡಿಯ ಕೊಠಡಿಯಲ್ಲಿ ಮುಖ್ಯ ಬೆಂಚನ್ನು ಕಿಟಕಿಯ ಕೆಳಗೆ ಇರಿಸುವುದು ಉತ್ತಮ. ಅದರ ಮುಂದೆ 3 ಅಡಿ ಜಾಗ ಖಾಲಿಯಿರಬೇಕು. ಉದ್ದನೆಯ ಹಲಗೆಯ ತುದಿ ಬಾಗಿಲಿನಿಂದ ಹೊರಚಾಚುವಂತೆ ಬೆಂಚನ್ನು ಬಾಗಿಲ ನೇರಕ್ಕೆ ತಂದರೆ ಸಣ್ಣ ಕೊಠಡಿಯಲ್ಲಿಯೂ ದೊಡ್ಡ ಕೆಲಸ ಸಾಧ್ಯ. ಕುರ್ಚಿ, ಪೆಟ್ಟಿಗೆಗಳ ಜೋಡಣೆಗೆ ಒಂದೂವರೆ ಅಡಿ ಎತ್ತರದ ತಗ್ಗು ಮೇಜು ಪ್ರತ್ಯೇಕವಾಗಿರಲಿ. ಸಾಣೆ ಹಿಡಿಯುವ ಜಾಗ ನೀರಿಗೆ ಹತ್ತಿರ, ಮರದ ಪುಡಿಗೆ ದೂರ ಇರತಕ್ಕದ್ದು. ಅಷ್ಟೂ ಸ್ಥಳವಿಲ್ಲದ ಮನೆಗಳಲ್ಲಿ ಗೋಡೆಗೆ ಕೀಲು ಹಾಕಿದ ಮಡಚುವ ಹಲಗೆ ಬಳಸಬಹುದು. ಆದರೆ ಅದು ಭಾರಿ ಕೆಲಸಕ್ಕೆ ತಕ್ಕುದಲ್ಲ.

6. ಮನೆಯವರ ಆರೋಗ್ಯ ಮತ್ತು ಸುರಕ್ಷತೆ

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮನೆಯಲ್ಲಿನ ಧೂಳು ಬಡಗಿಯ ಶ್ವಾಸಕೋಶದಷ್ಟೇ ಮಕ್ಕಳ ಶ್ವಾಸಕೋಶಕ್ಕೂ ಸೇರುತ್ತದೆ. ಮರಳು ಕಾಗದದಿಂದ ಉಜ್ಜುವ ಕೆಲಸವನ್ನು ಹೊರಗೆ ಮಾಡಿ, ಮುಖಗವಸು ಧರಿಸಬೇಕು. ವಿದ್ಯುತ್ ಉಪಕರಣಗಳಿಗೆ ಭೂಸಂಪರ್ಕ ಕಡ್ಡಾಯವಾಗಿರಲಿ. ಯಂತ್ರಚಾಲಿತ ಗರಗಸ ಅಳವಡಿಸುವ ಮುನ್ನ ಪರವಾನಗಿಯ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

7. ಲಭ್ಯ ನೆರವು

ದಿನಾಂಕ 17-09-2023ರಂದು ಪ್ರಾರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ವೃತ್ತಿಯೂ ಸೇರಿದೆ. ಅರ್ಹರಿಗೆ ತರಬೇತಿ, ಉಪಕರಣಗಳಿಗಾಗಿ ರೂ. 15,000ದವರೆಗಿನ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು ರೂ. 1 ಲಕ್ಷ ಹಾಗೂ ನಂತರ ರೂ. 2 ಲಕ್ಷದವರೆಗೆ ಸಾಲ ಈ ಯೋಜನೆಯಲ್ಲಿ ಸೇರಿವೆ. ಆಧಾರ್ ಸಹಿತ ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿದೆ.

ಬೆಂಚಿನ ವೆಚ್ಚ ಒಂದು ಸಾರಿ ಮಾಡುವಂಥದ್ದು. ಬೆನ್ನುನೋವಿನಿಂದಲೋ ಕಾಲಿನ ಗಾಯದಿಂದಲೋ ತಪ್ಪುವ ಕೂಲಿಯ ನಷ್ಟ ಮಾತ್ರ ಮತ್ತೆ ಮತ್ತೆ ಬರುವಂಥದ್ದು. ಕೊಠಡಿ ಸಿದ್ಧಪಡಿಸುವವರು ಮೊದಲ ಹಣವನ್ನು ಬೆಂಚಿಗೆ ಮೀಸಲಿಡುವುದು ಹಿತಕರ.