ಕಡಲಿಗೆ ಕಟ್ಟಿದ ಬುರುಡೆ

ಬಾವಿಯಲ್ಲಿ ಈಜು ಕಲಿಯುವ ಹುಡುಗನ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಕಟ್ಟುತ್ತಿದ್ದ ಪದ್ಧತಿಯನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಬುರುಡೆ ಹುಡುಗನನ್ನು ತೇಲಿಸುತ್ತದೆ, ನಿಜ. ಆದರೆ ಮೆಟ್ಟಿಲ ಮೇಲೆ ನಿಂತ ಹಿರಿಯರು ಅದೊಂದನ್ನೇ ನೆಚ್ಚಿ ಕೂಡುವವರಲ್ಲ. ಹುಡುಗನಿಗೆ ಒಂದು ಹಗ್ಗವನ್ನೂ ಬಿಗಿದು, ಅದರ ತುದಿಯನ್ನು ತಮ್ಮ ಕೈಯಲ್ಲಿ ಹಿಡಿದಿರುತ್ತಾರೆ. ತೇಲಿಸುವುದು ಬುರುಡೆಯ ಕೆಲಸ. ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಹಗ್ಗದ ಕೆಲಸ.

ಇಂದಿನ ಶಾಸ್ತ್ರಜ್ಞರು ಸಮುದ್ರದ ಸಮಾಚಾರವನ್ನು ತಿಳಿಯಲೆಂದು ನೀರಿಗಿಳಿಸುವ ತೇಲುಬುರುಡೆಗಳ ಕಥೆಯೂ ಇದೇ. ನಾವಿಕರು ಇಂಗ್ಲಿಷಿನ ಮಾತನ್ನೇ ಹಿಡಿದು ಇದನ್ನು ‘ಬಾಯ್’ ಎನ್ನುತ್ತಾರೆ. ಇದರ ಚಿತ್ರವನ್ನು ನೋಡುವವರ ಕಣ್ಣು ಮೇಲಿನ ಕಂಬ, ಸೌರಫಲಕ, ಗಾಳಿಗೆ ಗಿರಗಿರನೆ ತಿರುಗುವ ಬಟ್ಟಲುಗಳ ಮೇಲೆಯೇ ನಿಲ್ಲುತ್ತದೆ. ನೀರಿನ ಕೆಳಗೆ ಅಡಗಿರುವ ಹಗ್ಗವನ್ನು ಯಾರೂ ವಿಚಾರಿಸುವುದಿಲ್ಲ. ಈ ಲೇಖನದಲ್ಲಿ ನಾವು ಆ ಹಗ್ಗವನ್ನೇ ಹಿಡಿದು ಹೋಗೋಣ.

ಮೊದಲು, ಇಂತಹ ಬುರುಡೆ ಏಕೆ ಬೇಕು? ಹಿಂದೆ ಸಮುದ್ರದ ಹವೆಯ ವರ್ತಮಾನವನ್ನು ಕೊಡುತ್ತಿದ್ದವರು ಹಾದುಹೋಗುವ ಹಡಗಿನವರು. ಅವರಾದರೋ ತಮ್ಮ ದಾರಿಯನ್ನು ಬಿಟ್ಟು ಹೋಗುವವರಲ್ಲ. ಚಂಡಮಾರುತ ಬರುವುದೆಂದು ಕೇಳಿದರೆ ಆ ದಾರಿಯನ್ನೂ ತಪ್ಪಿಸಿಕೊಳ್ಳುವರು, ಅದು ಸರಿಯೂ ಹೌದು. ಹೀಗಾಗಿ ವರ್ತಮಾನ ಅತ್ಯಗತ್ಯವಾದ ಹೊತ್ತಿಗೆ, ಅತ್ಯಗತ್ಯವಾದ ಸ್ಥಳದಲ್ಲಿ ಹೇಳುವವರೇ ಇರುತ್ತಿರಲಿಲ್ಲ. ಕೃತಕ ಉಪಗ್ರಹಗಳು ಮೇಲಿನಿಂದ ಎಲ್ಲವನ್ನೂ ನೋಡುತ್ತವೆಂಬುದು ನಿಜವಾದರೂ, ನೀರಿನ ಒಳಗಿನ ಉಷ್ಣತೆ ಅವುಗಳ ಕಣ್ಣಿಗೆ ಕಾಣದು. ಚಂಡಮಾರುತಕ್ಕೆ ಬಲ ಕೊಡುವುದು ಮೇಲ್ಮೈಯ ತೆಳು ಪದರವೊಂದೇ ಅಲ್ಲ. ಅದರ ಕೆಳಗೆ ಬೆಚ್ಚನೆಯ ನೀರು ಎಷ್ಟು ಆಳದವರೆಗಿದೆ ಎಂಬುದೂ ಮುಖ್ಯ. ಅದನ್ನು ಅಳೆಯಬೇಕಾದರೆ ಅಲ್ಲಿಯೇ ಯಾರಾದರೂ ಕಾದಿರಬೇಕು.

ಈ ಕಾವಲಿಗಾಗಿ ಭಾರತವು 1996ರಲ್ಲಿ ಒಂದು ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿ, ಅದರ ಹೊಣೆಯನ್ನು ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೆ ಒಪ್ಪಿಸಿತು. ಅಂದಿನಿಂದ ಬಂಗಾಳ ಕೊಲ್ಲಿಯಲ್ಲಿಯೂ ಅರಬ್ಬಿ ಸಮುದ್ರದಲ್ಲಿಯೂ ಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸುತ್ತ ಬಂದಿದ್ದಾರೆ. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಚಂಡಮಾರುತವು ಬಂಗಾಳ ಕೊಲ್ಲಿಯನ್ನು ದಾಟಿ ಒಡಿಶಾದ ಗೋಪಾಲಪುರದ ಬಳಿ ನೆಲವನ್ನು ಮುಟ್ಟಿತಷ್ಟೆ. ಅದರ ದಾರಿಯ ಸಮೀಪದಲ್ಲಿದ್ದ ಬುರುಡೆ ವಾಯುಭಾರ ಕುಸಿದುದನ್ನೂ, ಗಾಳಿ ಏರಿದುದನ್ನೂ, ಕಡಲಿನ ನೀರು ಕಲಕಿಹೋದುದನ್ನೂ ಬರೆದಿಟ್ಟಿತು. ಮನುಷ್ಯನು ನಿಲ್ಲಲಾರದ ಕಡೆ ಹಗ್ಗವು ಬುರುಡೆಯನ್ನು ನಿಲ್ಲಿಸಿತ್ತು.

ಬುರುಡೆಯ ರಚನೆಯನ್ನು ಚುಟುಕಾಗಿ ಹೇಳಿಬಿಡಬಹುದು. ಕೆಳಗೆ ತೇಲುವ ಒಡಲು. ನಡುವೆ ನೀರು ಹೊಗದ ಗೂಡಿನಲ್ಲಿ ವಿದ್ಯುತ್ಕೋಶಗಳು ಮತ್ತು ಅಳತೆಗಳನ್ನು ದಾಖಲಿಸುವ ಯಂತ್ರ. ಮೇಲೆ ಸುಮಾರು ಮೂರು ಮೀಟರ್ ಎತ್ತರದ ಕಂಬದಲ್ಲಿ ಗಾಳಿ, ವಾಯುಭಾರ, ಉಷ್ಣತೆ, ಆರ್ದ್ರತೆಗಳ ಮಾಪಕಗಳು. ಉಪಗ್ರಹಕ್ಕೆ ಸುದ್ದಿಯನ್ನು ಕಳುಹಿಸುವ ಆಂಟೆನಾ. ಇದಕ್ಕೆ ಬಳಿಯುವ ಬಣ್ಣ ಹಳದಿ. ರಾತ್ರಿಯಲ್ಲಿ ಇಪ್ಪತ್ತು ಸೆಕೆಂಡುಗಳಿಗೊಮ್ಮೆ ಐದು ಸಲ ಮಿನುಗುವ ಹಳದಿ ದೀಪವನ್ನು ಕಂಡರೆ ‘ಇದು ಸಮುದ್ರವನ್ನಳೆಯುವ ಬುರುಡೆ, ದೂರ ಸರಿ’ ಎಂದು ಯಾವ ದೇಶದ ನಾವಿಕನೇ ಆಗಲಿ ತಿಳಿದುಕೊಳ್ಳಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಹಡಗನ್ನು ಹತ್ತಿಸುವ ಮೊದಲು ದಡದಲ್ಲಿ ಮಾಡುವ ಕೆಲಸ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ. ಪ್ರತಿಯೊಂದು ಮಾಪಕವನ್ನೂ ನಂಬಿಕೆಯ ಪ್ರಮಾಣ ಮಾಪಕದ ಪಕ್ಕದಲ್ಲಿಟ್ಟು ಹೋಲಿಸಬೇಕು. ಗಾಳಿಯ ದಿಕ್ಕಿನ ಪರೀಕ್ಷೆಯಂತೂ ನೋಡುವುದಕ್ಕೆ ಸೊಗಸು. ಬುರುಡೆ ನೀರಿನಲ್ಲಿ ತಿರುಗುತ್ತಲೇ ಇರುವುದರಿಂದ ಅದರೊಳಗೆ ಒಂದು ದಿಕ್ಸೂಚಿ ಇರಲೇಬೇಕು. ಆದರೆ ಬುರುಡೆಯ ಕಬ್ಬಿಣವೇ ದಿಕ್ಸೂಚಿಯನ್ನು ದಾರಿ ತಪ್ಪಿಸಬಹುದು. ಆದುದರಿಂದ ಬೇರೆ ಕಬ್ಬಿಣದ ಸುಳಿವಿಲ್ಲದ ಬಯಲಿನಲ್ಲಿ ಬುರುಡೆಯನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿಸಲವೂ ಗಾಳಿಪಟ್ಟಿಯನ್ನು ದೂರದ ಒಂದೇ ಗುರುತಿನ ಕಡೆಗೆ ಹಿಡಿದು ಓದುತ್ತಾರೆ. ಬುರುಡೆ ಪೂರಾ ಒಂದು ಸುತ್ತು ಬಂದರೂ ಉತ್ತರ ಒಂದೇ ಬರಬೇಕು. ಬಾರದಿದ್ದರೆ ಎಷ್ಟು ತಪ್ಪುತ್ತದೆಂಬುದನ್ನು ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಅಪಾಯವನ್ನು ಹೇಳದೆ ಮುಂದೆ ಹೋಗಲಾಗದು. ಸೀಸ ಮತ್ತು ಆಮ್ಲದ ವಿದ್ಯುತ್ಕೋಶಗಳಿಗೆ ವಿದ್ಯುತ್ತನ್ನು ತುಂಬುವಾಗ ಜಲಜನಕವು ಹೊರಬೀಳುವುದುಂಟು. ಮನೆಯ ಮೂಲೆಯಲ್ಲಾದರೆ ಅದು ಗಾಳಿಯಲ್ಲಿ ಹಾರಿಹೋಗುತ್ತದೆ. ನೀರು ಹೊಗದಂತೆ ಬಿಗಿದ ಗೂಡಿನಿಂದ ಎಲ್ಲಿಗೆ ಹೋದೀತು? ಗಾಳಿಯೊಡನೆ ಬೆರೆತು ಕೂಡಿಕೊಂಡರೆ ಒಂದು ಕಿಡಿ ಸಾಕು, ಬುರುಡೆ ಬಾಂಬಾಗುತ್ತದೆ. ಆದ್ದರಿಂದ ಗೂಡಿಗೆ ಅನಿಲವು ಹೊರಹೋಗುವ ಕಿಂಡಿಯನ್ನಿಟ್ಟಿರುತ್ತಾರೆ. ಗೂಡನ್ನು ತೆರೆಯಬೇಕಾದಾಗ ಮುಖವನ್ನು ಅದರ ಮೇಲೆ ಬಾಗಿಸದೆ, ಮೊದಲು ಕಿಂಡಿಯನ್ನು ಮೆಲ್ಲಗೆ ಸಡಿಲಿಸಿ, ಒಳಗಿನ ಅನಿಲ ಹೊರಟುಹೋಗುವವರೆಗೆ ಕಾಯತಕ್ಕದ್ದು. ಬೆಂಕಿಯ ಮಾತಂತೂ ಹತ್ತಿರ ಸುಳಿಯಕೂಡದು.

ಇನ್ನು ಹಗ್ಗ. ಬಂಗಾಳ ಕೊಲ್ಲಿಯಲ್ಲಿ 3,000 ಮೀಟರ್ ಆಳದ ಸ್ಥಳಗಳು ಅಪರೂಪವಲ್ಲ. ನಮ್ಮ ಮುಳ್ಳಯ್ಯನಗಿರಿಯನ್ನು ಸಮುದ್ರಮಟ್ಟದಿಂದ ಮೇಲಿರುವಷ್ಟೂ ಕಿತ್ತು ಅಂತಹ ಕಡೆ ಇಳಿಸಿದರೆ, ಶಿಖರದ ಮೇಲೆ ಇನ್ನೂ ಒಂದು ಸಾವಿರ ಮೀಟರ್ ನೀರು ನಿಂತೀತು. ಅಷ್ಟು ಆಳಕ್ಕೆ ಒಂದೇ ಬಗೆಯ ಹಗ್ಗವನ್ನು ಬಿಡುವುದು ಸಲ್ಲದು. ಮೇಲಿನ ಕೆಲವು ನೂರು ಮೀಟರುಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಹಗ್ಗವನ್ನೇ ಹಾಕಬೇಕು. ಏಕೆಂದರೆ ಅಲ್ಲಿ ಮೀನುಗಳ ಕಾಟ. ಶಾರ್ಕ್ ಮುಂತಾದುವು ನೂಲಿನ ಹಗ್ಗವನ್ನು ಕಚ್ಚಿ ಹರಿಯುತ್ತವೆ. ಇದೇ ಉಕ್ಕಿನ ಹಗ್ಗಕ್ಕೆ 500 ಮೀಟರ್ ಆಳದವರೆಗೂ ಅಲ್ಲಲ್ಲಿ ಉಷ್ಣತೆಯ ಮತ್ತು ಲವಣಾಂಶದ ಮಾಪಕಗಳನ್ನು ಬಿಗಿಯುತ್ತಾರೆ. ಅವುಗಳಿಂದ ಮೇಲಕ್ಕೆ ಬೇರೆ ತಂತಿಯಿಲ್ಲ. ಹಗ್ಗದ ಉಕ್ಕೇ ತಂತಿ, ಸುತ್ತಲಿನ ಉಪ್ಪುನೀರೇ ಮರಳುವ ದಾರಿ. ವಿದ್ಯುತ್ತಿನ ಸುತ್ತು ಹೀಗೆ ಪೂರ್ಣವಾಗಿ ಸುದ್ದಿ ಬುರುಡೆಯನ್ನು ಸೇರುತ್ತದೆ.

ಉಕ್ಕಿನ ಕೆಳಗೆ ನೈಲಾನ್ ಹಗ್ಗ. ನೈಲಾನ್ ರಬ್ಬರಿನಂತೆ ಹಿಗ್ಗಬಲ್ಲದು. ಅಲೆಯ ಏಟನ್ನೆಲ್ಲ ತಾನು ತಿಂದುಕೊಂಡು ಲಂಗರಿಗೆ ತಾಕಗೊಡದು. ಅದರ ಕೆಳಗೆ ಪಾಲಿಪ್ರೊಪಿಲೀನ್ ಹಗ್ಗ. ನೈಲಾನ್ ನೀರಿಗಿಂತ ಭಾರ, ಇದು ಹಗುರ. ಪ್ರವಾಹ ಜೋರಾದಾಗ ಬುರುಡೆಗೆ ಸರಿಯಲು ಎಡೆಯಿರಲೆಂದು ಹಗ್ಗವನ್ನು ಆಳಕ್ಕಿಂತ ಉದ್ದವಾಗಿ ಬಿಟ್ಟಿರುತ್ತಾರಷ್ಟೆ. ಪ್ರವಾಹ ತಗ್ಗಿದಾಗ ಮಿಕ್ಕ ಹಗ್ಗ ಏನಾಗಬೇಕು? ಮೇಲಿನ ಭಾಗ ಜೋತುಬೀಳುತ್ತದೆ, ಕೆಳಗಿನ ಭಾಗ ಮೇಲಕ್ಕೇಳುತ್ತದೆ. ನಡುನೀರಿನಲ್ಲಿ ಹಾವಿನಂತೆ ಒಂದು ಡೊಂಕು ಮೂಡುತ್ತದೆ. ಅದು ಉಕ್ಕಿನ ಹಗ್ಗಕ್ಕೂ ಸುತ್ತಿಕೊಳ್ಳದು, ತಳದ ಬಂಡೆಗೂ ಉಜ್ಜದು. ಈ ಯುಕ್ತಿಯನ್ನು ಕಂಡುಹಿಡಿದವರಿಗೆ ನಾವು ತಲೆದೂಗಬೇಕು.

ಹಗ್ಗವು ಅಳತೆಗೆ ತಕ್ಕಂತೆ ಬದಲಾಗುವುದೂ ಉಂಟು. ಕಾರವಾರದ ಕಡಲಿನಲ್ಲಿ ಇಳಿಸಿದಂತಹ ಅಲೆಮಾಪಕ ಬುರುಡೆಗೆ ಬೇಕಾದುದು ಅಲೆಯೊಡನೆ ಏರಿಳಿಯುವ ಸ್ವಾತಂತ್ರ್ಯ. ಅದರ ಏರಿಳಿತದ ವೇಗವೃದ್ಧಿಯಿಂದಲೇ ಅಲೆಯ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಅದಕ್ಕಾಗಿ ಅದರ ಲಂಗರಿನ ಹಗ್ಗದಲ್ಲಿ ಉದ್ದನೆಯ ರಬ್ಬರಿನ ತುಂಡನ್ನು ಸೇರಿಸುತ್ತಾರೆ. ಹಗ್ಗ ಹಿಡಿದೆಳೆದರೆ ಅಲೆಯೇ ಗಿಡ್ಡವೆಂದು ಬುರುಡೆ ಸುಳ್ಳು ಹೇಳೀತು!

ಇಷ್ಟು ಉದ್ದದ ವ್ಯವಸ್ಥೆ ಕಳಚುವುದು ಬಹುಮಟ್ಟಿಗೆ ಅತಿ ಚಿಕ್ಕ ವಸ್ತುವಿನಲ್ಲಿ. ಹಗ್ಗದ ತುಂಡುಗಳನ್ನು ಕೂಡಿಸುವ ಕೊಂಡಿಯ ಮೊಳೆ ಅಲೆಯ ಅಲುಗಾಟಕ್ಕೆ ತಾನೇ ತಿರುಗಿ ಬಿಚ್ಚಿಕೊಳ್ಳಬಹುದು. ಬಂಡಿಯ ಅಚ್ಚಿಗೆ ಕಡಾಣಿ ಇರುವಂತೆ ಆ ಮೊಳೆಗೂ ಒಂದು ಕೀಲು ಬೇಕು. ಇನ್ನು ಎರಡು ಬಗೆಯ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ, ಅವೆರಡೂ ಸೇರಿ ವಿದ್ಯುತ್ಕೋಶವೇ ಆಗಿ ಒಂದು ಲೋಹ ಕರಗುತ್ತ ಹೋಗುತ್ತದೆ. ಬಲಿ ಕೊಡುವುದಕ್ಕೆಂದೇ ಅಲ್ಲಿ ಸತುವಿನ ಗಟ್ಟಿಯನ್ನು ಕಟ್ಟುವುದು ವಾಡಿಕೆ.

ಹಡಗು ಸ್ಥಳವನ್ನು ಸೇರಿದೊಡನೆ ಬುರುಡೆಯನ್ನು ನೀರಿಗೆ ತಳ್ಳುವರೆಂದು ತಿಳಿಯಬಾರದು. ಮೊದಲು ಶಬ್ದದ ಅಲೆಯಿಂದ ಆಳವನ್ನು ಅಳೆಯುತ್ತಾರೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 3,000 ಮೀಟರಿನ ತಳವನ್ನು ಮುಟ್ಟಿ ಮರಳುವುದಕ್ಕೆ ನಾಲ್ಕು ಸೆಕೆಂಡು. ಈ ವೇಗದ ಲೆಕ್ಕದಲ್ಲಿ ನೂರಕ್ಕೆ ಒಂದು ತಪ್ಪಿದರೂ ಆಳದಲ್ಲಿ 30 ಮೀಟರ್ ತಪ್ಪುತ್ತದೆ. ಅಳೆದ ಮೇಲೆಯೇ ಹಗ್ಗದ ಕೊನೆಯ ತುಂಡಿನ ಉದ್ದವನ್ನು ಗೊತ್ತುಮಾಡುವುದು.

ಲಂಗರನ್ನು ಮೊದಲು ಬಿಟ್ಟು ಬುರುಡೆಯನ್ನು ಕೊನೆಗೆ ಬಿಡುವುದು ಸಹಜವೆಂದು ನಮಗೆ ತೋರಬಹುದು. ಆಳ ಸಮುದ್ರದಲ್ಲಿ ಇದಕ್ಕೆ ವಿರುದ್ಧವಾಗಿ ಮಾಡುವುದು ರೂಢಿ. ಲಂಗರನ್ನು ಮೊದಲು ಬಿಟ್ಟರೆ ಕೆಲಸ ಮುಗಿಯುವವರೆಗೂ ಎರಡು ಮೂರು ಟನ್ನಿನ ಭಾರ ಹಡಗಿನಿಂದ ಜೋತಾಡುತ್ತಿರುತ್ತದೆ. ಆದುದರಿಂದ ಮೊದಲು ಬುರುಡೆಯನ್ನು ಕ್ರೇನಿನಿಂದ ಎತ್ತಿ, ತೂಗಾಡದಂತೆ ಪಕ್ಕದ ಹಗ್ಗಗಳಿಂದ ಹಿಡಿದು, ನೀರಿಗಿಳಿಸಿ ಕೊಕ್ಕೆಯನ್ನು ಕಳಚುತ್ತಾರೆ. ಹಡಗು ಗಾಳಿಗೆ ಎದುರಾಗಿ ನಡಿಗೆಯ ವೇಗದಲ್ಲಿ ಸಾಗುತ್ತ, ಮಾಪಕಗಳನ್ನು ಒಂದೊಂದಾಗಿ ಕಟ್ಟುತ್ತ, ಹಗ್ಗವನ್ನು ಬಿಚ್ಚುತ್ತ ಹೋಗುತ್ತದೆ. ಗಂಟೆಗಳು ಕಳೆಯುತ್ತವೆ, ಬುರುಡೆ ಹಿಂದೆ ಬಲುದೂರದಲ್ಲಿ ಹಳದಿ ಚುಕ್ಕೆಯಾಗುತ್ತದೆ.

ಅಪಾಯವಿರುವುದು ಈ ಗಂಟೆಗಳಲ್ಲಿ. ಬಿಗಿದ ನೈಲಾನ್ ಹಗ್ಗ ಎಳೆದ ಬಿಲ್ಲಿಗೆ ಸಮಾನ. ಹರಿದರೆ ಅದರ ತುದಿ ಮರಳಿ ಬೀಸುವ ಏಟಿಗೆ ಎಲುಬು ಮುರಿಯುತ್ತದೆ, ಪ್ರಾಣವೂ ಹೋಗಬಹುದು. ಹಗ್ಗದ ನೇರಕ್ಕೆ ಯಾರೂ ನಿಲ್ಲಕೂಡದು, ಸುರುಳಿಯೊಳಗೆ ಕಾಲಿಡಕೂಡದು, ತೂಗುವ ಭಾರದ ಕೆಳಗೆ ಹಾಯಕೂಡದು. ತಲೆಗೆ ಶಿರಸ್ತ್ರಾಣ, ಮೈಗೆ ತೇಲುವ ಅಂಗಿ ಇರಲೇಬೇಕು. ಅಪ್ಪಣೆ ಕೊಡುವವನು ಒಬ್ಬನೇ. ಆದರೆ ‘ನಿಲ್ಲಿಸು’ ಎಂದು ಕೂಗುವ ಅಧಿಕಾರ ಎಲ್ಲರಿಗೂ ಉಂಟು. ಈ ಕೊನೆಯ ನಿಯಮ ನಮಗೆ ಬಹಳ ಮೆಚ್ಚಿಗೆಯಾಯಿತು.

ಕೊನೆಗೆ ಉಳಿಯುವುದು ಲಂಗರು. ಹಳೆಯ ರೈಲುಗಾಲಿಗಳನ್ನು ಜೋಡಿಸಿ ಲಂಗರು ಮಾಡುವುದೂ ಉಂಟು. ಹಡಗು ಗೊತ್ತಾದ ಸ್ಥಳವನ್ನು ದಾಟಿ ಸ್ವಲ್ಪ ಮುಂದೆ ಹೋಗಿ ಅದನ್ನು ಬಿಡುತ್ತದೆ. ಉದ್ದನೆಯ ಹಗ್ಗದ ಎಳೆತದಿಂದ ಲಂಗರು ನೇರವಾಗಿ ಬೀಳದೆ ಬುರುಡೆಯ ಕಡೆಗೆ ವಾಲುತ್ತ ಇಳಿಯುತ್ತದೆ. ತಳವನ್ನು ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ. ಅಷ್ಟು ಹೊತ್ತು ದೂರದ ಬುರುಡೆಯು ಯಾರೋ ಕರೆದಂತೆ ನೀರನ್ನು ಸೀಳಿಕೊಂಡು ಓಡಿಬರುತ್ತದೆ. ಓಟ ನಿಂತಿತೆಂದರೆ ಲಂಗರು ಕೂತಿತೆಂದು ಅರ್ಥ.

ಅನಂತರದ ಶತ್ರುಗಳು ಎರಡು ಬಗೆ. ಪಾಚಿಯೂ ಚಿಪ್ಪುಜೀವಿಗಳೂ ಮಾಪಕಗಳನ್ನು ಮುತ್ತಿ ಕುರುಡಾಗಿಸುತ್ತವೆ. ತಾಮ್ರದ ಕವಚದಿಂದ ಅವುಗಳನ್ನು ಕೆಲಕಾಲ ತಡೆಯಬಹುದು. ಎರಡನೆಯದು ಮನುಷ್ಯ. ಬುರುಡೆಯ ನೆರಳಿಗೆ ಸಣ್ಣ ಮೀನು, ಅದನ್ನರಸಿ ದೊಡ್ಡ ಮೀನು, ಅದನ್ನರಸಿ ದೋಣಿ. ದೋಣಿಯನ್ನು ಬುರುಡೆಗೇ ಕಟ್ಟುವುದರಿಂದ ಕಂಬ ಮುರಿಯುತ್ತದೆ, ಬಲೆ ತೊಡರಿ ಹಗ್ಗ ಹರಿಯುತ್ತದೆ. ಸೌರಫಲಕವನ್ನು ಬಿಚ್ಚಿಕೊಂಡು ಹೋಗುವವರೂ ಉಂಟು. ಬಡ ಬೆಸ್ತನನ್ನು ಮೀನಿರುವ ಕಡೆ ಹೋಗಬೇಡವೆನ್ನುವುದು ಸುಲಭವಲ್ಲ. ಆದರೆ ಚಂಡಮಾರುತದ ದಿನ ಅವನನ್ನು ದಡಕ್ಕೆ ಕರೆಯುವ ಸುದ್ದಿಯಲ್ಲಿ ಆ ಬುರುಡೆಯ ಪಾಲೂ ಇದೆಯೆಂದು ಬಂದರು ಬಂದರಿಗೆ ಹೋಗಿ ತಿಳಿಸುವವರು ಬೇಕು.

ಕಾಲ ತುಂಬಿದ ಮೇಲೆ ಹಡಗು ಮರಳಿ ಬಂದು ನೀರಿನೊಳಕ್ಕೆ ಗೊತ್ತಾದ ಶಬ್ದಸಂಕೇತವನ್ನು ಕಳುಹಿಸುತ್ತದೆ. ಲಂಗರಿನ ಮೇಲಿರುವ ಕೊಕ್ಕೆ ಅದನ್ನು ಕೇಳಿ ಬಾಯಿ ಬಿಡುತ್ತದೆ. ಲಂಗರು ತಳದಲ್ಲಿಯೇ ಉಳಿದು, ಹಗ್ಗದ ಕೆಳತುದಿಗೆ ಕಟ್ಟಿದ ಗಾಜಿನ ಗೋಳಗಳು ಮುನ್ನೂರು ವಾಯುಮಂಡಲದ ಒತ್ತಡದಿಂದ ಬಿಡಿಸಿಕೊಂಡು ಮೇಲಕ್ಕೆ ಹೊರಡುತ್ತವೆ. ದುರ್ಬೀನು ಹಿಡಿದವರು ಸುತ್ತಲೂ ಹುಡುಕುತ್ತಾರೆ. ಮೇಲೆ ಬಂದುದನ್ನೆಲ್ಲ ಹಡಗಿಗೆ ಎಳೆದುಕೊಂಡು, ಚಿಪ್ಪುಗಳನ್ನು ಕೆರೆದು ಚೊಕ್ಕಟಮಾಡಿ, ಮಾಪಕಗಳನ್ನು ಮತ್ತೆ ದಡದ ಪ್ರಮಾಣ ಮಾಪಕದ ಪಕ್ಕಕ್ಕೆ ಒಯ್ಯುತ್ತಾರೆ. ಹೊರಡುವಾಗಿನ ಓದಿಗೂ ಈಗಿನ ಓದಿಗೂ ಎಷ್ಟು ಅಂತರ ಬಿದ್ದಿದೆಯೆಂದು ನೋಡಿ, ಆ ಅಂತರವನ್ನು ಕಡಲಿನಲ್ಲಿ ಕಳೆದ ಕಾಲಕ್ಕೆ ತಕ್ಕಂತೆ ಹಂಚಿ ಅಂಕಿಗಳನ್ನು ತಿದ್ದುತ್ತಾರೆ.