ಕಾವಲಿನ ಹೂಗಳು

ಗೊಬ್ಬರವುಂಡ ನೆಲದಲ್ಲಿ ಹೂಗಿಡಗಳು ಸೊಂಪಾಗಿ ಬೆಳೆಯುವುವೆಂಬುದು ತೋಟಗಾರನ ಅನುಭವ. ಆದರೆ ತಾವಾಗಿಯೇ ಹುಟ್ಟುವ ಹುಲ್ಲುಗಾವಲಿನ ಹೂಗಳ ವಿಷಯದಲ್ಲಿ ಪ್ರಕೃತಿನಿಯಮವು ಇದಕ್ಕೆ ವಿಪರೀತವಾದುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಇಂದಿನವರೆಗೂ ನಡೆದುಬಂದಿರುವ ಪ್ರಯೋಗದಲ್ಲಿ, ಸಾರಜನಕದ ಗೊಬ್ಬರ ಬಿದ್ದ ತಾಕುಗಳಲ್ಲಿ ಕೆಲವೇ ಜಾತಿಯ ಎತ್ತರದ ಹುಲ್ಲುಗಳು ಹಬ್ಬಿ, ಬೆಳಕನ್ನೆಲ್ಲ ತಾವೇ ಹೀರಿ, ಕುಳ್ಳ ಸಸ್ಯಗಳನ್ನು ಅಡಗಿಸಿಬಿಟ್ಟುವು. ಗೊಬ್ಬರವನ್ನೇ ಕಾಣದ ತಾಕುಗಳಲ್ಲಿಯಾದರೋ ಬಗೆಬಗೆಯ ಹೂಗಿಡಗಳು ಇಂದಿಗೂ ಉಳಿದಿವೆ.

ನಮ್ಮ ಅಮೃತಮಹಲ್ ಕಾವಲುಗಳ ಸಂಪತ್ತೂ ಇಂಥ ಬಡನೆಲದ ಫಲವೇ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪು ಸುಲ್ತಾನನಿಂದ ಅಮೃತಮಹಲೆಂಬ ಹೆಸರನ್ನು ಪಡೆದ ಇಲಾಖೆಯ ದನಗಳು ಋತುಮಾನವನ್ನನುಸರಿಸಿ ಒಂದು ಕಾವಲಿನಿಂದ ಮತ್ತೊಂದಕ್ಕೆ ಸಾಗುತ್ತಿದ್ದುದರಿಂದ, ಹುಲ್ಲು ಮಿತಿಮೀರಿ ಮುಚ್ಚುತ್ತಲೂ ಇರಲಿಲ್ಲ, ಬುಡಸಹಿತ ಸವೆಯುತ್ತಲೂ ಇರಲಿಲ್ಲ. ಆ ಬಿಡುವಿನಲ್ಲಿ ತುಂಬೆ, ವಿಷ್ಣುಕ್ರಾಂತಿಗಳು ಹೂತು ಬೀಜ ಚೆಲ್ಲುತ್ತಿದ್ದುವು. ಬಯಲನ್ನು ಬಂಜರೆಂದೆಣಿಸಿ ನೀಲಗಿರಿಯನ್ನು ನೆಟ್ಟ ಸದುದ್ದೇಶವೇ ಅನೇಕ ಕಡೆ ಇವುಗಳ ಬೆಳಕನ್ನು ಕಸಿದುದು ನಿಜಕ್ಕೂ ವ್ಯಸನಕರ.

ಆದುದರಿಂದ ಜೀರ್ಣೋದ್ಧಾರದ ಮೊದಲ ಕೆಲಸ ನೆಡುವುದಲ್ಲ, ಕೀಳುವುದು. ಬಳ್ಳಾರಿ ಜಾಲಿಯನ್ನು ಮೇಲೆ ಕಡಿದರೆ ಮೋಟಿನಿಂದ ಮತ್ತೆ ಚಿಗುರುವುದು. ಮಣ್ಣಿನೊಳಗಿನ ಬುಡವನ್ನೇ ಅಗೆದು ತೆಗೆಯಬೇಕು. ಅನಂತರ ಸಮೀಪದ ಕೆಡದ ಬಯಲಿನಲ್ಲಿ ಬೀಜ ಬಲಿತ ಹುಲ್ಲನ್ನು ಕೊಯ್ದು ತಂದು ಹರಡುವುದು ಯೂರೋಪಿನಲ್ಲಿ ರೂಢಿಯಾದ ಕ್ರಮ. ಬಲಿಯುವ ಕಾಲವನ್ನು ನಮ್ಮ ಕುರಿಗಾಹಿಗಳಷ್ಟು ಬಲ್ಲವರಾರು?

ಊರವರನ್ನು ಹೊರಗಿಟ್ಟು ನಡೆಸಿದ ರಕ್ಷಣೆ ಬಹುಕಾಲ ನಿಲ್ಲದು. 1988ರಲ್ಲಿ ಎರ್ಲಡ್ಡು ಹಕ್ಕಿಗಾಗಿ ಅಭಯಾರಣ್ಯವಾದ ಆಂಧ್ರದ ರೊಳ್ಳಪಾಡಿನಲ್ಲಿ ಕೃಷ್ಣಮೃಗಗಳು ಹೆಚ್ಚಿ ಸುತ್ತಲಿನ ಹೊಲಗಳನ್ನು ಮೇಯತೊಡಗಿದಾಗ ರೈತರು ಮುನಿದರು. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2002ರ ತಿದ್ದುಪಡಿಯಾದರೋ ಬೇರೊಂದು ದಾರಿಯನ್ನು ತೆರೆಯಿತು: ಸರ್ಕಾರಿ ಭೂಮಿಯನ್ನು ಸ್ಥಳೀಯರೊಡನೆ ಸಮಾಲೋಚಿಸಿ ಸಂರಕ್ಷಣಾ ಮೀಸಲನ್ನಾಗಿಯೂ, ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಒಡೆಯರೇ ಮುಂದೆ ಬಂದಲ್ಲಿ ಸಮುದಾಯ ಮೀಸಲನ್ನಾಗಿಯೂ ಘೋಷಿಸಬಹುದು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಮೊದಲನೆಯ ಬಗೆಯದಾಯಿತು. ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವುಂಟು.

ಕಾವಲಿನಂಚಿನ ರೈತನಿಗೆ ಇದರಲ್ಲಿ ಸ್ಪಷ್ಟವಾದ ಲಾಭವುಂಟು. ಹುಚ್ಚೆಳ್ಳಿನ ಹೂ ತನ್ನದೇ ಗಿಡದ ಪರಾಗದಿಂದ ಕಾಳುಕಟ್ಟಲಾರದು. ಬೇರೆ ಗಿಡದ ಪರಾಗವನ್ನು ಜೇನು ತರಬೇಕು, ಆ ಜೇನಿಗೆ ಹುಚ್ಚೆಳ್ಳು ಹೂಬಿಡದ ತಿಂಗಳುಗಳಲ್ಲಿಯೂ ಆಹಾರ ಬೇಕು. ಬದುವಿನ ಮೇಲಿನ ತುಂಬೆಯನ್ನು ಕಳೆನಾಶಕದಿಂದ ಸುಡದೆ ಉಳಿಸುವವನಿಗೆ ಕಾವಲಿನ ಹುಲ್ಲಿನಲ್ಲಿ ಪಾಲನ್ನೂ, ಜಿಂಕೆ ಮೇದ ಬೆಳೆಗೆ ತಡವಿಲ್ಲದೆ ಪರಿಹಾರವನ್ನೂ ಕೊಡುವ ಒಪ್ಪಂದವನ್ನು ಸಮಿತಿಗಳು ಮುಂದಿನ ಮುಂಗಾರಿಗೆ ಮೊದಲೇ ಗ್ರಾಮಸಭೆಯ ಮುಂದಿಡಬೇಕು.