ವೇಳೆ ತಪ್ಪದ ಮಾತು

1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಬಂತು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ 128 ಲೈನುಗಳ ಎಕ್ಸ್‌ಚೇಂಜ್ ಅದು. ಅದಕ್ಕೆ ಏರ್ ಕಂಡೀಷನರ್ ಬೇಕಿರಲಿಲ್ಲ. ಧೂಳು, ಸೆಕೆ, ಬಂದು ಹೋಗುವ ಕರೆಂಟು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಅದನ್ನು ಕಟ್ಟಿದ್ದರು.

ಆ ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸವನ್ನು ಇವತ್ತು ಅಂಗೈ ಮೇಲೆ ಕೂರುವ ಕಂಪ್ಯೂಟರ್ ಮಾಡಬಲ್ಲದು. ಅದಕ್ಕೆ ಬೇಕಾದ ತಂತ್ರಾಂಶವೂ ಪುಕ್ಕಟೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ತನ್ನ ಚಿಕ್ಕ ಕಂಪನಿಗೆ ದುಬಾರಿ ಫೋನ್ ಯಂತ್ರ ಕೊಳ್ಳಲಾಗದೆ ತಾನೇ ಒಂದನ್ನು ಬರೆದ. 'ಆಸ್ಟೆರಿಸ್ಕ್' ಎಂಬ ಆ ತಂತ್ರಾಂಶ ಈಗ ಜಗತ್ತಿನ ಎಷ್ಟೋ ಕಚೇರಿಗಳ ಫೋನುಗಳ ಹಿಂದೆ ಕೂತಿದೆ. ಹೀಗಾಗಿ ಅಂಗಡಿ, ಆಸ್ಪತ್ರೆ, ಲಾರಿ ಆಫೀಸು, ಎಲ್ಲರ ಮುಂದೂ ಈಗ ಒಂದೇ ಪ್ರಶ್ನೆ: ತಾಮ್ರದ ತಂತಿ ಬಿಟ್ಟು ಇಂಟರ್ನೆಟ್ ಫೋನಿಗೆ ಬರೋಣವೇ? ಬಂದರೆ ಯಾವುದನ್ನು ಆರಿಸೋಣ?

ಉತ್ತರ ಬೆಲೆಪಟ್ಟಿಯಲ್ಲಿ ಸಿಗುವುದಿಲ್ಲ. ಮಾತು ತಂತಿಯೊಳಗೆ ಹೇಗೆ ಹೋಗುತ್ತದೆ ಎಂದು ತಿಳಿದರೆ ಮಾರಾಟಗಾರರಿಗೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ.

ಪೊಟ್ಟಣ ಕಟ್ಟಿದ ಮಾತು

ಹಳೆಯ ಫೋನಿನಲ್ಲಿ ನೀವು ಕರೆ ಮಾಡಿದರೆ ಇಲ್ಲಿಂದ ಅಲ್ಲಿಯವರೆಗೆ ಒಂದು ದಾರಿ ನಿಮಗೇ ಮೀಸಲಾಗುತ್ತಿತ್ತು. ನೀವು ಸುಮ್ಮನಿದ್ದರೂ ಆ ದಾರಿಗೆ ಇನ್ನೊಬ್ಬರು ಬರುವಂತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಅಂಥ ಮೀಸಲಾತಿ ಇಲ್ಲ. ಅದು ಊರ ಬೀದಿ. ನಿಮ್ಮ ಮಾತು, ಪಕ್ಕದವರ ಸಿನಿಮಾ, ಬ್ಯಾಂಕಿನ ಲೆಕ್ಕ ಎಲ್ಲ ಒಂದೇ ಬೀದಿಯಲ್ಲಿ ನಡೆಯುತ್ತವೆ.

ಆ ಬೀದಿಗಿಳಿಯುವ ಮೊದಲು ಮಾತು ಅಂಕಿಗಳಾಗಬೇಕು. ಫೋನು ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್ ಆಯಿತು. ಜಿ.711 ಎಂಬ ಹೆಸರಿನಲ್ಲಿ 1972ರಲ್ಲಿ ನಿಗದಿಯಾದ ಈ ಪದ್ಧತಿ ಇಂದಿಗೂ ಚಾಲ್ತಿಯಲ್ಲಿದೆ. ಹೀಗೆ ಬರೆದದ್ದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಪೊಟ್ಟಣ ಕಟ್ಟುತ್ತಾರೆ. ಪೊಟ್ಟಣದೊಳಗೆ 160 ಬೈಟ್ ಮಾತು. ಮೇಲೆ ವಿಳಾಸ, ಕ್ರಮಸಂಖ್ಯೆ, ವೇಳೆ ಬರೆದ 40 ಬೈಟ್‌ನ ಚೀಟಿ. ಸೆಕೆಂಡಿಗೆ ಇಂಥ 50 ಪೊಟ್ಟಣ. ನೀವು 'ನಮಸ್ಕಾರ' ಎಂದು ಮುಗಿಸುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಪೊಟ್ಟಣಗಳು ಹೊರಟಾಗಿರುತ್ತವೆ.

ಮಾತನ್ನು ಇನ್ನೂ ಚಿಕ್ಕದಾಗಿ ಮಡಿಸುವ ವಿದ್ಯೆಗೂ ಬೆಂಗಳೂರಿಗೂ ನಂಟಿದೆ. ಬಿಷ್ಣು ಅಟಲ್ ಅವರು 1955ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದು ಮುಗಿಸಿದರು, ಮುಂದೆ ಅಲ್ಲೇ ಕೆಲಕಾಲ ಪಾಠ ಹೇಳಿದರು, 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. ನಮ್ಮ ಗಂಟಲು, ಬಾಯಿ ಒಂದು ಕೊಳವೆ; ಅದರಿಂದ ಬರುವ ಅಲೆ ಅಡ್ಡಾದಿಡ್ಡಿ ಓಡುವುದಿಲ್ಲ; ಹಿಂದಿನ ಕೆಲವು ಅಳತೆ ಗೊತ್ತಿದ್ದರೆ ಮುಂದಿನದನ್ನು ಹೆಚ್ಚುಕಡಿಮೆ ಊಹಿಸಬಹುದು. ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸಿದರೆ ಸಾಕು. ಈ ವಿಧಾನವನ್ನು ಬೆಳೆಸಿದವರಲ್ಲಿ ಅಟಲ್ ಪ್ರಮುಖರು. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ 1974ರಲ್ಲಿ ಮಾತನ್ನು ಪೊಟ್ಟಣ ಕಟ್ಟಿ ಕಳಿಸುವ ಪ್ರಯೋಗಗಳು ನಡೆದಾಗ ಈ ವಿದ್ಯೆಯೂ ನೆರವಿಗೆ ಬಂತು. ಇದೇ ವಂಶದ ಜಿ.729 ಪದ್ಧತಿ ಸೆಕೆಂಡಿನ ಮಾತನ್ನು 8,000 ಬಿಟ್‌ಗೆ, ಅಂದರೆ ಎಂಟನೇ ಒಂದು ಪಾಲಿಗೆ ಇಳಿಸುತ್ತದೆ.

ತಡವಾಗಿ ಬಂದದ್ದು ಬಾರದ್ದಕ್ಕೆ ಸಮ

ಇಂಟರ್ನೆಟ್ಟಿನಲ್ಲಿ ನೀವು ತರಿಸಿಕೊಳ್ಳುವ ಫೋಟೋದ ಒಂದು ಪೊಟ್ಟಣ ದಾರಿಯಲ್ಲಿ ಕಳೆದರೆ ಇನ್ನೊಮ್ಮೆ ಕೇಳಿ ಪಡೆಯಬಹುದು. ಅರ್ಧ ಸೆಕೆಂಡು ತಡವಾದರೂ ಫೋಟೋ ಫೋಟೋವೇ. ಮಾತು ಹಾಗಲ್ಲ. 'ಮೂವತ್ತು ಚೀಲ ಕಳಿಸಿ' ಎಂಬ ಮಾತಿನ 'ಮೂ' ಅಕ್ಷರ 'ಕಳಿಸಿ' ಆದಮೇಲೆ ಬಂದರೆ ಯಾರಿಗೆ ಬೇಕು? ಹಾಗಾಗಿ ಇಂಟರ್ನೆಟ್ ಫೋನು ಕಳೆದುಹೋದ ಪೊಟ್ಟಣವನ್ನು ಮತ್ತೆ ಕೇಳುವುದಿಲ್ಲ. ಅಕ್ಕಪಕ್ಕದ ಧ್ವನಿ ನೋಡಿ ಖಾಲಿ ಜಾಗವನ್ನು ಊಹೆಯಿಂದ ತುಂಬುತ್ತದೆ. ಒಂದೆರಡು ಪೊಟ್ಟಣ ಹೋದರೆ ಕಿವಿಗೆ ತಿಳಿಯುವುದೂ ಇಲ್ಲ. ಸಾಲಾಗಿ ಹೋದರೆ ಮಾತು ಕಡಿದು ಕಡಿದು ಬರುತ್ತದೆ.

ಪೊಟ್ಟಣಗಳು ಸಮನಾದ ಅಂತರದಲ್ಲಿ ಬರುವುದೂ ಇಲ್ಲ. ಮದುವೆ ಊಟದ ಪಂಕ್ತಿ ನೆನೆಯಿರಿ. ಅಡುಗೆಮನೆಯಿಂದ ಸಾರು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತದೆ. ಆದರೂ ಬಡಿಸುವವರ ಕೈಯಲ್ಲಿ ಬಕೆಟ್ ಇರುವುದರಿಂದ ಎಲೆಯಿಂದ ಎಲೆಗೆ ಒಂದೇ ಹದದಲ್ಲಿ ಬಡಿಸುತ್ತಾ ಸಾಗುತ್ತಾರೆ. ಫೋನಿನೊಳಗೂ ಇಂಥದೊಂದು ಬಕೆಟ್ ಇದೆ. ಬಂದ ಪೊಟ್ಟಣಗಳನ್ನು ಹತ್ತಾರು ಮಿಲಿಸೆಕೆಂಡು ಹಿಡಿದಿಟ್ಟು, ಸರದಿಯಲ್ಲಿ ಜೋಡಿಸಿ, ಸಮನಾಗಿ ಕಿವಿಗೆ ಕೊಡುತ್ತದೆ. ಬಕೆಟ್ ದೊಡ್ಡದಾದಷ್ಟೂ ಮಾತು ನುಣುಪು. ಆದರೆ ಅಷ್ಟೇ ತಡ.

ತಡಕ್ಕೂ ಒಂದು ಮಿತಿಯಿದೆ. ಮಾತು ಬಾಯಿಯಿಂದ ಕಿವಿಗೆ ತಲುಪಲು 150 ಮಿಲಿಸೆಕೆಂಡಿನೊಳಗೆ ಆದರೆ ಮಾತುಕತೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, 'ಹೇಳಿ, ಹೇಳಿ' ಎನ್ನುವ ಸ್ಥಿತಿ.

ಇದರಿಂದಲೇ ಮೊದಲ ಪ್ರಶ್ನೆ ಹುಟ್ಟುತ್ತದೆ: ಮಾತು ಹಾದುಹೋಗುವ ನಿಮ್ಮ ಸರ್ವರ್ ಎಲ್ಲಿದೆ? ಗಾಜಿನ ಎಳೆಯಲ್ಲಿ ಬೆಳಕು 1,000 ಕಿಲೋಮೀಟರ್ ಸಾಗಲು ಸುಮಾರು 5 ಮಿಲಿಸೆಕೆಂಡು ಬೇಕು. ಸರ್ವರ್ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ದೂರ ಲೆಕ್ಕಕ್ಕೇ ಬರುವುದಿಲ್ಲ. ಅದು ಅಮೆರಿಕದ ಪೂರ್ವ ತೀರದಲ್ಲಿದ್ದರೆ? ಸುಮಾರು 13,000 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸು ಬರಬೇಕು. ದಾರಿ ನೇರವಾಗಿದೆ ಎಂದುಕೊಂಡರೂ 130 ಮಿಲಿಸೆಕೆಂಡು ಅಲ್ಲಿಗೇ ಖರ್ಚು. ಒಂದೇ ಊರಿನ ಇಬ್ಬರು ಮಾತಾಡುವಾಗಲೂ ಈ ದಂಡ ತಪ್ಪುವುದಿಲ್ಲ.

ಎಷ್ಟು ಲೈನು ಬೇಕು?

ಕಿತ್ತೂರಿನಿಂದ ಹೆದ್ದಾರಿ ಹಿಡಿದು ಬಂದರೆ ಹುಬ್ಬಳ್ಳಿ. ಅಲ್ಲೊಂದು ಲಾರಿ ಬುಕಿಂಗ್ ಆಫೀಸು ಇದೆ ಎಂದಿಟ್ಟುಕೊಳ್ಳಿ. ಗಿರಾಕಿಗಳ ಗದ್ದಲ ಹೆಚ್ಚಿರುವ ಒಂದು ತಾಸಿನಲ್ಲಿ 100 ಕರೆ, ಕರೆಗೆ ಸರಾಸರಿ 3 ನಿಮಿಷ. ಒಟ್ಟು 300 ನಿಮಿಷ. 60ರಿಂದ ಭಾಗಿಸಿದರೆ 5. ಅಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಸರಾಸರಿ ಐದು ಕರೆ ನಡೆಯುತ್ತಿರುತ್ತವೆ. ಹಾಗಾದರೆ ಐದು ಲೈನು ಸಾಕೇ?

ಸಾಲದು. ಕರೆಗಳು ಸರತಿಯಲ್ಲಿ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತವೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟ. ಆ ಸೂತ್ರದಂತೆ, ನೂರರಲ್ಲಿ ಒಂದಕ್ಕಿಂತ ಹೆಚ್ಚು ಕರೆ 'ಎಂಗೇಜ್' ಆಗಬಾರದು ಎಂದರೆ ಈ ಆಫೀಸಿಗೆ 11 ಲೈನು ಬೇಕು. ಫೋನ್ ಜಗತ್ತಿನಲ್ಲಿ ಕರೆಗಳ ಹೊರೆಯನ್ನು ಅಳೆಯುವ ಮಾನಕ್ಕೆ ಇವತ್ತಿಗೂ ಎರ್ಲಾಂಗ್ ಎಂದೇ ಹೆಸರು.

ಈಗ ಇಂಟರ್ನೆಟ್ ಎಷ್ಟು ಬೇಕು ನೋಡಿ. ಮೇಲಿನ ಚೀಟಿಗಳನ್ನೂ ನೆಟ್‌ವರ್ಕಿನ ಹೊರ ಹೊದಿಕೆಯನ್ನೂ ಸೇರಿಸಿ ಜಿ.711ರ ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್. ಹನ್ನೊಂದು ಕರೆಗೆ ಒಂದು ಮೆಗಾಬಿಟ್‌ಗೂ ತುಸು ಕಡಿಮೆ. ನೂರು ಮೆಗಾಬಿಟ್ ಬ್ರಾಡ್‌ಬ್ಯಾಂಡ್ ಇರುವ ಕಚೇರಿಗೆ ಇದು ಸಮುದ್ರದ ಮುಂದಿನ ಚೊಂಬು ನೀರು. ಹಾಗಿದ್ದೂ ನೂರು ಮೆಗಾಬಿಟ್ ಇರುವ ಕಚೇರಿಯಲ್ಲಿ ಮಾತು ಕಡಿಯುತ್ತದೆ. ಯಾಕೆ?

ಅಗಲವಿದ್ದರೂ ಸಕಾಲಕ್ಕೆ ದಾರಿ ಸಿಗದಿರುವುದರಿಂದ. ಯಾರೋ ಒಬ್ಬರು ದೊಡ್ಡ ವಿಡಿಯೋ ಒಂದನ್ನು ಮೇಲಕ್ಕೆ ಕಳಿಸಲು ಶುರುಮಾಡಿದರೆ ರೂಟರಿನ ಬಾಗಿಲಲ್ಲಿ ಉದ್ದ ಸಾಲು ನಿಲ್ಲುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನ ಗಲ್ಲಿಯಲ್ಲಿ ಟೆಂಪೋ ನಿಂತಂತೆ. ಮಾತಿನ ಪುಟ್ಟ ಪೊಟ್ಟಣ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಂಬುಲೆನ್ಸಿಗೆ ದಾರಿ ಬಿಡುವಂತೆ ಮಾತಿನ ಪೊಟ್ಟಣಕ್ಕೆ ಮೊದಲು ದಾರಿ ಬಿಡುವ ರೂಟರ್ ನಿಮ್ಮ ಕಚೇರಿಯಲ್ಲಿರಬೇಕು. ಕೆಲವು ಸಾವಿರ ರೂಪಾಯಿ ಉಳಿಸಲು ಇದೊಂದನ್ನು ಬಿಟ್ಟವರು ಉಳಿದದ್ದಕ್ಕೆಲ್ಲ ಸುರಿದ ಹಣವನ್ನೂ ಕಳೆದುಕೊಳ್ಳುತ್ತಾರೆ.

ಲಾರಿ ಆಫೀಸಿಗೆ ಇನ್ನೊಂದು ತಾಪತ್ರಯವೂ ಉಂಟು. ಹಳೆಯ ಫೋನು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. 'ಸ' ಉಚ್ಚಾರಣೆಯ ಸೀಟಿಯಂಥ ಸದ್ದು ಬಹುಪಾಲು ಅದಕ್ಕಿಂತ ಮೇಲಿದೆ. ಗಾಡಿ ನಂಬರ್ ಬರೆದುಕೊಳ್ಳುವಾಗ 'ಎಫ್' ಅಂದರೋ 'ಎಸ್' ಅಂದರೋ ಎಂದು ಎರಡೆರಡು ಸಲ ಕೇಳುವುದು ಇದಕ್ಕೇ. 1988ರ ಜಿ.722 ಪದ್ಧತಿ ಅದೇ 64,000 ಬಿಟ್‌ಗಳಲ್ಲಿ 7,000 ಹರ್ಟ್ಸ್‌ವರೆಗೆ ಒಯ್ಯುತ್ತದೆ. ಎರಡೂ ತುದಿಯ ಫೋನುಗಳಲ್ಲಿ, ನಡುವಿನ ದಾರಿಯಲ್ಲಿ ಅದಿದ್ದರೆ ಎಫ್ ಎಫ್ ಆಗಿಯೇ, ಎಸ್ ಎಸ್ ಆಗಿಯೇ ಕೇಳುತ್ತದೆ. ಕೊಳ್ಳುವ ಮೊದಲು ಕೇಳಿ ನೋಡಿ.

ಯಂತ್ರ ನಮ್ಮಲ್ಲಿರಲೋ, ಕ್ಲೌಡಿನಲ್ಲಿರಲೋ?

ದಾರಿಗಳು ಮುಖ್ಯವಾಗಿ ಮೂರು. ಕಚೇರಿಯ ಒಳಫೋನುಗಳನ್ನು ಜೋಡಿಸುವ ಹಳೆಯ ಇಪಿಎಬಿಎಕ್ಸ್ ಯಂತ್ರವನ್ನು ಉಳಿಸಿಕೊಂಡು, ನಡುವೆ ಗೇಟ್‌ವೇ ಪೆಟ್ಟಿಗೆ ಇಟ್ಟು ಇಂಟರ್ನೆಟ್ ಲೈನು ಜೋಡಿಸುವುದು ಒಂದು. ಇಂಟರ್ನೆಟ್ಟಿನಲ್ಲೇ ಮಾತು ಸಾಗಿಸುವ ಹೊಸ ಐಪಿ ಯಂತ್ರವನ್ನು ಕಚೇರಿಯಲ್ಲೇ ಇಡುವುದು ಎರಡನೆಯದು. ಯಂತ್ರವನ್ನೇ ಇಟ್ಟುಕೊಳ್ಳದೆ, ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಕೊಟ್ಟು ಕ್ಲೌಡ್ ಸೇವೆ ಪಡೆಯುವುದು ಮೂರನೆಯದು.

ನೂರಾರು ಎಕ್ಸ್‌ಟೆನ್ಷನ್ ಇರುವ, ಹೆಚ್ಚಿನ ಕರೆ ಒಳಗೊಳಗೇ ನಡೆಯುವ ಆಸ್ಪತ್ರೆಗೆ ಯಂತ್ರ ಕಟ್ಟಡದಲ್ಲೇ ಇರುವುದು ಮೇಲು. ಹೊರಗಿನ ಇಂಟರ್ನೆಟ್ ಕಡಿದರೂ ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ಕರೆ ಹೋಗುತ್ತದೆ. ನಾಲ್ಕು ಊರುಗಳಲ್ಲಿ ಐದೈದು ಜನರಿರುವ ಸಂಸ್ಥೆಗೆ ಕ್ಲೌಡ್ ಸಲೀಸು. ನಿಭಾಯಿಸಲು ಎಂಜಿನಿಯರ್ ಬೇಕಿಲ್ಲ, ಇಂಟರ್ನೆಟ್ ಕಡಿದಾಗ ಕರೆಗಳನ್ನು ಸಿಬ್ಬಂದಿಯ ಮೊಬೈಲಿಗೆ ತಿರುಗಿಸಬಹುದು. ಹಳೆಯ ಯಂತ್ರ ಗಟ್ಟಿಯಾಗಿದ್ದರೆ ಗೇಟ್‌ವೇ ಹಾದಿ ಹಿಡಿದು ನಿಧಾನವಾಗಿ ಬದಲಾಗುವುದರಲ್ಲಿ ತಪ್ಪಿಲ್ಲ.

ಯಾವುದೇ ಆದರೂ ಕರೆಂಟಿನ ವಿಷಯ ಮರೆಯಬಾರದು. ಮಳೆಗಾಲದಲ್ಲಿ ಊರೆಲ್ಲ ಕತ್ತಲಾದಾಗಲೂ ಲ್ಯಾಂಡ್‌ಲೈನ್ ಕೆಲಸ ಮಾಡುತ್ತಿದ್ದುದು ನೆನಪಿದೆಯೇ? ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಐಪಿ ಫೋನಿಗೆ ಆ ತವರಿನ ಆಸರೆ ಇಲ್ಲ. ಸುಮಾರು ಅಷ್ಟೇ ವೋಲ್ಟೇಜನ್ನು ಈಗ ನೆಟ್‌ವರ್ಕ್ ಕೇಬಲಿನಲ್ಲೇ ಕಳಿಸುವ ಸ್ವಿಚ್‌ಗಳಿವೆ. ಆ ಸ್ವಿಚ್ಚು, ರೂಟರು, ಫೈಬರ್ ಪೆಟ್ಟಿಗೆ ಮೂರಕ್ಕೂ ಯುಪಿಎಸ್ ಇದ್ದರೆ ಮಾತ್ರ ಫೋನು ಜೀವಂತ.

ಇನ್ನೊಂದು ಸಾಮಾನ್ಯ ದೂರು: ಕರೆ ಸೇರುತ್ತದೆ, ಆದರೆ ಒಬ್ಬರ ಮಾತು ಮಾತ್ರ ಕೇಳಿಸುತ್ತದೆ. ಕರೆ ಕೂಡಿಸುವ ಕೆಲಸ 'ಸಿಪ್' ಎಂಬ ನಿಯಮಾವಳಿಯದು. ಮಾತಿನ ಪೊಟ್ಟಣಗಳ ಸಾಗಣೆ ಬೇರೆಯದೇ ದಾರಿ. ರೂಟರು ಒಳಗಿನ ವಿಳಾಸಗಳನ್ನು ಹೊರಗೆ ತೋರಿಸುವುದಿಲ್ಲ. ಫೋನು 'ನನಗೆ ಮಾತು ಇಲ್ಲಿಗೆ ಕಳಿಸಿ' ಎಂದು ತನ್ನ ಒಳಮನೆಯ ವಿಳಾಸ ಕೊಟ್ಟರೆ ಎದುರಿನವರ ಪೊಟ್ಟಣಗಳು ಬರುವುದಾದರೂ ಎಲ್ಲಿಗೆ? ದೋಷ ಫೋನಿನದಲ್ಲ, ರೂಟರನ್ನು ಹೊಂದಿಸಿದ ರೀತಿಯದು. ಇದನ್ನು ಸರಿಪಡಿಸುವ ಹೊಣೆ ಯಾರದು ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.

ಬೀಗ, ನಂಬರು, 112

ಬೀದಿಗಿಳಿದ ಮೇಲೆ ಕಳ್ಳರ ಭಯವೂ ಇದ್ದದ್ದೇ. 101ನೇ ಎಕ್ಸ್‌ಟೆನ್ಷನ್ನಿಗೆ 101 ಎಂದೇ ಪಾಸ್‌ವರ್ಡ್ ಇಟ್ಟ ಯಂತ್ರಗಳನ್ನು ಕಂಪ್ಯೂಟರುಗಳು ಹಗಲಿರುಳು ಹುಡುಕುತ್ತಿರುತ್ತವೆ. ಸಿಕ್ಕರೆ ಕಚೇರಿ ಮುಚ್ಚಿದ ರಾತ್ರಿಯಲ್ಲಿ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹೋಗುತ್ತವೆ, ಬಿಲ್ಲು ನಿಮಗೆ ಬರುತ್ತದೆ. ಉದ್ದದ ಪಾಸ್‌ವರ್ಡ್, ಬೇಡದಿದ್ದರೆ ಐಎಸ್‌ಡಿಗೆ ಬೀಗ, ಬೇಕಿದ್ದರೆ ದಿನಕ್ಕಿಷ್ಟೇ ಎಂಬ ಮಿತಿ: ಇವು ಮೊದಲ ದಿನವೇ ಆಗಬೇಕು.

ನಂಬರು ಕೊಡುವವರು ಪರವಾನಗಿ ಇರುವ ದೂರಸಂಪರ್ಕ ಕಂಪನಿಯೇ ಆಗಿರಲಿ. ವಿದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ಸಿಮ್ ಬಾಕ್ಸ್ (ಹಲವು ಸಿಮ್ ಕಾರ್ಡುಗಳ ಪೆಟ್ಟಿಗೆ) ಮೂಲಕ ಸ್ಥಳೀಯ ಕರೆಯಂತೆ ತೋರಿಸುವುದು ಅಪರಾಧ. ಬೆಂಗಳೂರಿನಲ್ಲೂ ಇಂಥ ಅಡ್ಡೆಗಳ ಮೇಲೆ ದಾಳಿಗಳಾಗಿವೆ. ಮೊಬೈಲ್ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಅನುಕೂಲ 2011ರಲ್ಲಿ ದೇಶಕ್ಕೆಲ್ಲ ಬಂತು, ಲ್ಯಾಂಡ್‌ಲೈನ್ ನಂಬರಿಗೆ ಅದಿಲ್ಲ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಗಿರಾಕಿಗಳ ನೆನಪಿನಲ್ಲಿ ಕೂತ ನಂಬರು ಕೈತಪ್ಪದಂತೆ ಯೋಚಿಸಿ ಹೆಜ್ಜೆಯಿಡಿ.

ಕೊನೆಯದು, ಆದರೆ ನನ್ನ ಮಟ್ಟಿಗೆ ಮೊದಲನೆಯದು. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಒಂದು ಮೋಟೆಲಿನಲ್ಲಿ ತಾಯಿಯ ಮೇಲೆ ಹಲ್ಲೆ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ತುರ್ತು ಸಂಖ್ಯೆ 911ಕ್ಕೆ ನಾಲ್ಕು ಸಲ ಕರೆ ಮಾಡಿದಳು. ಕರೆ ಹೋಗಲಿಲ್ಲ. ಹೊರಗಿನ ಲೈನು ಸಿಗಬೇಕಾದರೆ ಮೊದಲು 9 ಒತ್ತಬೇಕಿತ್ತು. ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ 2018ರಲ್ಲಿ ಅಮೆರಿಕ ಕಾನೂನು ಮಾಡಿತು: ಇಂಥ ಹೊಸ ಫೋನ್ ವ್ಯವಸ್ಥೆಗಳಲ್ಲಿ ತುರ್ತು ಸಂಖ್ಯೆ ನೇರವಾಗಿ ಹೋಗಲೇಬೇಕು. ನಮ್ಮ ಕಚೇರಿ, ಲಾಡ್ಜು, ಹಾಸ್ಟೆಲುಗಳಲ್ಲಿ 112 ಒತ್ತಿದರೆ ನೇರ ಹೋಗುತ್ತದೆಯೇ ಎಂಬುದನ್ನು ಫೋನು ಕೂರಿಸುವವರು ಮೊದಲೇ ಖಾತ್ರಿ ಮಾಡಿಕೊಡಬೇಕು. ಬಾಗಿಲಿಗೆ ಹೊಸಬರು ಬಂದು ಆ ಫೋನನ್ನು ಎತ್ತುವ ದಿನ, ಮೊದಲು ಏನು ಒತ್ತಬೇಕೆಂದು ಹೇಳಲು ನಾವು ಪಕ್ಕದಲ್ಲಿರುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಮಾಡಬೇಕಾದ್ದು ಕಡಿಮೆಯೇ. ಒಂದು ವಾರ ನಿಮ್ಮ ಕರೆಗಳನ್ನು ಎಣಿಸಿ. ಗದ್ದಲ ಯಾವ ತಾಸಿನಲ್ಲಿ, ಕರೆಂಟು ಯಾವಾಗ ಹೋಗುತ್ತದೆ, ಇಂಟರ್ನೆಟ್ ಎಷ್ಟು ಸಲ ಕಡಿಯುತ್ತದೆ, ಬರೆದಿಡಿ. ಎರಡು ವಾರದ ಪರೀಕ್ಷೆಗೆ ಒಪ್ಪುವ ಕಂಪನಿಯನ್ನು ಕರೆದು, ಆ ಗದ್ದಲದ ತಾಸಿನಲ್ಲೇ ಮಾತಾಡಿ ನೋಡಿ. ಕಿತ್ತೂರಿನ ಎಕ್ಸ್‌ಚೇಂಜ್ ಕಟ್ಟಿದವರು ಮಾಡಿದ್ದೂ ಇದನ್ನೇ. ಅವರು ಮೊದಲು ಊರಿನ ಸೆಕೆ, ಧೂಳು, ಕರೆಂಟು ನೋಡಿದರು. ಯಂತ್ರ ಆಮೇಲೆ ಬಂತು.